ಬ್ರೇಕ್ ಪೈಪಿಗೆ ಸುತ್ತಿದ ಪಟ್ಟಿ

ಬೈಕ್ ಮೇಲೆ ಕೂತರೆ ನನಗೆ ಅರ್ಧ ಎಚ್ಚರ, ಅರ್ಧ ಕನಸು. ಇಸಳೂರಿನ ನಮ್ಮ ಮನೆಯಿಂದ ಶಿರಸಿ ಪೇಟೆಗೆ ಹೋಗುವ ಬೆಳಗಿನ ಹೊತ್ತಿನಲ್ಲಿ ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿರುವುದಿಲ್ಲ. ಹಿಂದೆ ಕೂತ ಹೆಂಡತಿಯ ಕೈ ನನ್ನ ಹೆಗಲ ಮೇಲಿರುತ್ತದೆ, ಹಳೇ ಬೈಕು ತನ್ನಷ್ಟಕ್ಕೆ ಗುನುಗುತ್ತಿರುತ್ತದೆ, ನಾನು ಎಲ್ಲೋ ಇರುತ್ತೇನೆ. ಅವಳನ್ನು ಅವಳು ಕಲಿಸುವ ಶಾಲೆಯ ಹತ್ತಿರ ಇಳಿಸಿ ಅಂಗಡಿಗೆ ಹೋಗುವುದು ಹದಿನೈದು ವರ್ಷದ ರೂಢಿ.

ಅಂಗಡಿಯೆಂದರೆ ತೋಟಕ್ಕೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ. ಪಂಪಿನ ಪೈಪು ಎಲ್ಲಿ ಸೋರಿದರೂ ನಮ್ಮ ಕಡೆಯ ಮದ್ದು ಒಂದೇ: ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಎಳೆದೆಳೆದು ಸುತ್ತಿ, ಗಂಟು ಹಾಕುವುದು. ಹುಲೇಕಲ್‌ನಿಂದ ಹೇರೂರಿನ ತನಕ ನಾನು ಸುತ್ತಿದ ಪಟ್ಟಿಗಳು ಮೂರು ಮಳೆಗಾಲ ತಡೆದದ್ದುಂಟು. ಹಾಗಾಗಿ ಬೈಕಿನ ಮುಂದಿನ ಬ್ರೇಕ್ ಪೈಪು ಬಿರುಕು ಬಿಟ್ಟು ಎಣ್ಣೆ ಜಿನುಗಿದಾಗ ಅದಕ್ಕೂ ಒಂದು ಪಟ್ಟಿ ಸುತ್ತಿದೆ. ಹೆಂಡತಿಗೆ ಹೇಳಲಿಲ್ಲ. ಹೇಳುವಂಥದ್ದು ಅಂತ ಅನ್ನಿಸಲೇ ಇಲ್ಲ, ನನ್ನ ಬುದ್ಧಿಯೇ ಅಷ್ಟು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಮುಂದೆ ಬಸ್ಸು ನಿಂತಿತು. ಬ್ರೇಕ್ ಒತ್ತಿದೆ, ಲಿವರ್ ಹ್ಯಾಂಡಲ್ಲಿಗೇ ಬಂದು ತಾಗಿತು, ಬೈಕು ನಿಲ್ಲಲಿಲ್ಲ. ಹಿಂದಿನ ಬ್ರೇಕ್ ತುಳಿದು, ಗೇರು ಇಳಿಸಿ, ಬಸ್ಸಿಗೆ ಒಂದು ಗೇಣು ಇರುವಾಗ ಹೇಗೋ ನಿಂತೆ. ಎಲ್ಲವೂ ನೀರೊಳಗೆ ನಡೆದಷ್ಟು ನಿಧಾನವಾಗಿತ್ತು. ಬಸ್ಸಿನ ಹಿಂದಿನ ಗಾಜಿನಲ್ಲಿ ಒಂದು ಮಗು ನನ್ನನ್ನೇ ನೋಡುತ್ತ ಆಕಳಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹೆಂಡತಿ ಇಳಿದು ಮುಂದಿನ ಚಕ್ರದ ಹತ್ತಿರ ಬಗ್ಗಿ ನೋಡಿದಳು. ಎಣ್ಣೆಯಲ್ಲಿ ನೆಂದು ಜಾರಿದ ಟ್ಯೂಬಿನ ಪಟ್ಟಿ ಅಲ್ಲಿ ನೇತಾಡುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದಳು, ಹೇಳಿದೆ. ನೇರ ಹೋಗಿ ಅದೇ ಬಸ್ಸು ಹತ್ತಿದಳು.

ಅಷ್ಟು ಹಳೇ ಮಾಡೆಲ್ಲಿನ ಪೈಪು ಶಿರಸಿಯಲ್ಲಿ ಸಿಗಲಿಲ್ಲ, ಸಿದ್ದಾಪುರ, ಯಲ್ಲಾಪುರದಲ್ಲೂ ಇಲ್ಲ. ಹೊರಗಿನಿಂದ ತರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಅವಳು ಬಸ್ಸಿಗೆ ಹೋದಳು, ನಾನು ಹಿಂದಿನ ಬ್ರೇಕ್ ಒಂದನ್ನೇ ನಂಬಿಕೊಂಡು ಬೈಕಲ್ಲೇ ಹೋದೆ. ಮನೆಯಲ್ಲಿ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಇನ್ನು ನನ್ನ ಹಿಂದೆ ಅವಳು ಕೂರುವುದೇ ಇಲ್ಲವೇನೋ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಪೈಪು ಬಂದ ಭಾನುವಾರ ಅಂಗಳದಲ್ಲಿ ಕೂತು ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದೆ. ಆಮೇಲೆ ಒಳಗಿನ ಗಾಳಿ ತೆಗೆಯಬೇಕು. ಒಬ್ಬರು ಮೇಲೆ ಬ್ರೇಕ್ ಒತ್ತಿ ಹಿಡಿದರೆ ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಿ ಬಿಗಿಯಬೇಕು. ಅಳುಕುತ್ತಲೇ ಕರೆದೆ. ಕೈ ಒರೆಸಿಕೊಂಡು ಬಂದಳು.

ಹಿಡಿ ಎಂದರೆ ಹಿಡಿದಳು, ಬಿಡು ಎಂದರೆ ಬಿಟ್ಟಳು. ನಟ್ಟಿಗೆ ಸಿಕ್ಕಿಸಿದ ಸಣ್ಣ ಪಾರದರ್ಶಕ ನಳಿಗೆಯಿಂದ ಎಣ್ಣೆ ಉಪ್ಪಿನಕಾಯಿಯ ಹಳೇ ಬಾಟಲಿಗೆ ಇಳಿಯುತ್ತಿತ್ತು. ಅದರಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಬಂದು, ಬಿಸಿಲಿಗೆ ಮಿನುಗಿ, ಒಡೆಯುತ್ತಿದ್ದವು. ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಎಷ್ಟು ಹೊತ್ತು ಕಳೆಯಿತೋ, ಒಂದೂ ಗುಳ್ಳೆಯಿಲ್ಲದೆ ಬರೀ ಎಣ್ಣೆ ಬಂತು. ನಟ್ಟು ಬಿಗಿದೆ. ಲಿವರ್ ಅವಳ ಕೈಯಲ್ಲಿ ಗಟ್ಟಿಯಾಗಿ ನಿಂತಿತು.

ಮೂರು ವಾರದಿಂದ ಉರು ಹೊಡೆದಿದ್ದ ಮಾತನ್ನು ನೆಲ ನೋಡುತ್ತ ಹೇಳಿದೆ. ನಿನ್ನನ್ನು ಕೂರಿಸಿಕೊಂಡು ಅಂಥ ಬೈಕು ಓಡಿಸಿದ್ದು ತಪ್ಪಾಯಿತು, ನಿನಗೇನಾದರೂ ಆಗಿದ್ದರೆ ಗತಿಯೇನಿತ್ತು ಅಂದೆ.

“ಎಂಗೆ ಬಸ್ಸಿತ್ತು. ನಿಂಗ ಅದ್ರ ಮೇಲೇ ಹೋಗ್ತಿದ್ರಿ,” ಎಂದಳು. “ದಿನಾ ನಿಂಗ ಮನೆಗೆ ಬಪ್ಪವರೆಗೆ ಎಂಗೆ ಜೀವದಲ್ಲಿ ಜೀವ ಇತ್ತಿಲ್ಲೆ.”

ನಾನು ಮನೆ ಸೇರುವವರೆಗೆ ಅವಳು ನನಗಾಗಿ ಹೆದರುತ್ತಿದ್ದಳೆಂದು ಅಷ್ಟು ದಿನದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಅವಳು ಇನ್ನೂ ಬ್ರೇಕ್ ಒತ್ತಿ ಹಿಡಿದೇ ಇದ್ದಳು. ಬಿಡು ಎನ್ನುವ ಬದಲು ಎದ್ದು, ಅವಳ ಬೆರಳುಗಳನ್ನು ನಾನೇ ಮೆಲ್ಲಗೆ ಬಿಡಿಸಿದೆ.