ದ್ವೀಪಕ್ಕೆ ಹೊರಟಿದ್ದ ಡ್ರಿಲ್ ಮಾಸ್ಟ್ರು

ನಮ್ಮ ಡ್ರಿಲ್ ಮಾಸ್ಟ್ರ ಬಲಗಾಲಿನ ಹೆಬ್ಬೆರಳು ಯಾವಾಗಲೂ ಚಪ್ಪಲಿಯ ಪಟ್ಟಿಯಿಂದ ಹೊರಗೇ ಇರುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆ ಅಟೆನ್ಷನ್‌ನಲ್ಲಿ ನಿಂತಾಗಲೂ ಆ ಬೆರಳು ಮಾತ್ರ ಏಳುತ್ತಾ ಇಳಿಯುತ್ತಾ ಯಾವುದೋ ತಾಳ ಹಾಕುತ್ತಿತ್ತು. ಮುಂದಿನ ಸಾಲಿನ ಗಿಡ್ಡ ಹುಡುಗಿಯಾದ ನಾನು ರಾಷ್ಟ್ರಗೀತೆ ಮುಗಿಯುವ ತನಕ ಅದನ್ನೇ ನೋಡುತ್ತಿದ್ದೆ.

ಸುಮ್ಮನೆ ಕೂರುವುದು ಅವರಿಗೆ ಒಗ್ಗದ ಕೆಲಸ. ಚಹಾ ನಿಂತೇ ಕುಡಿಯುತ್ತಿದ್ದರು. ಕಿರಿಮಂಜೇಶ್ವರದ ಮನೆಯಿಂದ ನಾವುಂದದ ನಮ್ಮ ಶಾಲೆಗೆ ಬಸ್ಸಿದ್ದರೂ ಕಾಯಲಾರದೆ ನಡೆದು ಬರುತ್ತಿದ್ದರು. ಯಾರಾದರೂ ಮೂಲೆಯಲ್ಲಿ ಕೂತದ್ದು ಕಂಡರೆ, "ಎಂತ, ಬೇರ್ ಬಿಟ್ಟಿತಾ?" ಎಂದು ಎಬ್ಬಿಸುತ್ತಿದ್ದರು.

ನಾನು ಎಂಟನೆಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ಹೆಣ್ಣುಮಕ್ಕಳಿಗೆ ಹೌಂದರಾಯನ ವಾಲಗ ಕಲಿಸಿದರು. ಒಬ್ಬರು ಹಾಡಿನ ಹಾಗೆ ಹೇಳುತ್ತಾ ಹೋಗುವುದು, ಸುತ್ತ ಕುಣಿಯುವವರು ಸಾಲಿಗೊಮ್ಮೆ ಹೌದೆಂಬ ಅರ್ಥದಲ್ಲಿ "ಹೌಂದೇ" ಎಂದು ದನಿಗೂಡಿಸುವುದು. ಬ್ರಹ್ಮಾವರ ಕಡೆಯ ಸೋದರಮಾವನಿಂದ ಅವರು ಕಲಿತದ್ದು. ಗಂಡಸರ ಕುಣಿತ, ಹುಡುಗಿಯರಿಗೆ ಯಾಕೆಂದು ಕೆಲವರು ಕೇಳಿದರು. ಮಾಸ್ಟ್ರು ಕಿವಿಗೆ ಹಾಕಿಕೊಳ್ಳದೆ ಹೇಳುವವಳಾಗಿ ನನ್ನನ್ನೇ ಆರಿಸಿದರು. ವೇದಿಕೆಯ ಮೇಲೆ ಮೂರನೇ ಸಾಲಿಗೆ ನನಗೆ ಮಾತು ಮರೆತುಹೋಯಿತು. ಗೆಳತಿಯರನ್ನು ನಡುವೆಯೇ ಬಿಟ್ಟು ಮೆಟ್ಟಿಲಿಳಿದು ಮನೆಯ ತನಕ ಓಡಿದೆ. ಮರುದಿನ ಮಾಸ್ಟ್ರು ಬೈಯಲಿಲ್ಲ, ಆ ವಿಷಯವನ್ನೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇಪ್ಪತ್ತು ವರ್ಷದ ಮೇಲೆ ನಾನು ಮಾಲ್ದೀವ್ಸಿನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ದ್ವೀಪವನ್ನು ಸುತ್ತಿ ಬರಲು ನಲವತ್ತು ನಿಮಿಷ ಸಾಕು. ಸಂಜೆಯಾದರೆ ಕೋಣೆಯಲ್ಲಿ ಇರಲಾಗದೆ ಎರಡೆರಡು ಸುತ್ತು ಹಾಕುತ್ತಿದ್ದೆ. ಅಷ್ಟರಲ್ಲಿ ಶಾಲೆಯ ಸಂಸ್ಕೃತಿ ಹಬ್ಬ ಬಂತು. ಹೊರದೇಶದ ಶಿಕ್ಷಕರೆಲ್ಲ ತಮ್ಮ ಊರಿನದೊಂದನ್ನು ಮಕ್ಕಳಿಂದ ಮಾಡಿಸಬೇಕೆಂದರು ಮುಖ್ಯೋಪಾಧ್ಯಾಯಿನಿ. ಮೂರು ದಿನ ಒದ್ದಾಡಿ, ನಿವೃತ್ತರಾಗಿದ್ದ ಮಾಸ್ಟ್ರಿಗೆ ಫೋನು ಮಾಡಿದೆ.

"ಅದಕ್ಕೆಂತ? ವಾಲಗ ಮಾಡ್ಸ್," ಎಂದರು.

"ಈ ಮಕ್ಕಳಿಗೆ ಕನ್ನಡ ಬತ್ತಿಲ್ಲೆ ಸರ್."

"ಹೌಂದೇ ಅಂಬುಕೆ ಎಷ್ಟ್ ಕನ್ನಡ ಬೇಕ್? ಕಾಲ್ ಇತ್ತಲ್ದಾ ಅವ್ಕೆ?"

ಮೂರು ವಾರ ಶಾಲೆ ಬಿಟ್ಟ ಮೇಲೆ ವಿಡಿಯೋ ಕರೆಯಲ್ಲಿ ಅವರೇ ಕಲಿಸಿದರು. ಫೋನು ಹಿಡಿದು ಅಂಗಳದಲ್ಲಿ ತಿರುಗುತ್ತಲೇ ಇರುತ್ತಿದ್ದರಿಂದ ನಮಗೆ ಅವರ ಗಲ್ಲ, ತೆಂಗಿನ ತುದಿ, ಆಕಾಶ ಇಷ್ಟೇ ಕಾಣುತ್ತಿತ್ತು. ಮಕ್ಕಳು ಅವರಿಗೆ "ನಡೆಯುವ ಸರ್" ಎಂದು ಹೆಸರಿಟ್ಟರು.

ಹಬ್ಬದ ಬೆಳಿಗ್ಗೆ ಶಾಲೆಯ ಅಂಗಳ ತುಂಬಿತ್ತು. ಕೊರಳಿಗೆ ಬಂಗಾರದ ನೂಲಿನ ಕಸೂತಿ ಮಾಡಿದ ಉದ್ದಂಗಿ ತೊಟ್ಟ ಹುಡುಗಿಯರು, ಮೀನಿನ ತಿಂಡಿ ಹಂಚುವ ತಾಯಂದಿರು, ದೊಡ್ಡ ಡೋಲು ಬಡಿಯುವ ಮೀನುಗಾರರು. ನಮ್ಮ ಸರದಿ ಬಂತು. ಮಕ್ಕಳು ವೇದಿಕೆಯ ಮೇಲೆ ಸುತ್ತುಕಟ್ಟಿದರು, ನಾನು ಹೇಳತೊಡಗಿದೆ. ನಾಲ್ಕನೇ ಸಾಲಿಗೆ ನಾಲಿಗೆ ಒಣಗಿತು. ಮುಂದಿನ ಮಾತು ಇಲ್ಲ. ಮೆಟ್ಟಿಲು ಬೆನ್ನ ಹಿಂದೆಯೇ ಇತ್ತು.

ಆಗ ಏಳನೇ ತರಗತಿಯ ಒಬ್ಬಳು ಹುಡುಗಿ, ಕುಣಿತ ನಿಲ್ಲಿಸದೆ, ಅದೇ ರಾಗದಲ್ಲಿ ತನ್ನ ಭಾಷೆಯಲ್ಲಿ ಕೂಗಿದಳು: "ನಮ್ಮ ಲೆಕ್ಕದ ಮಿಸ್ ಮಾತು ಮರೆತರು."

"ಹೌಂದೇ," ಎಂದರು ಮಕ್ಕಳು.

ಅಂಗಳವೆಲ್ಲ ನಕ್ಕಿತು. ಅವಳು ಬಿಡಲಿಲ್ಲ. ದಿನಾ ತಡವಾಗುವ ದೋಣಿ, ಸಭೆಯಲ್ಲಿ ತೂಕಡಿಸುವ ದ್ವೀಪದ ಹಿರಿಯರು, ಎಲ್ಲರನ್ನೂ ಎಳೆದು ತಂದಳು. ಕೊನೆಗೆ ತಾಯಂದಿರೂ "ಹೌಂದೇ" ಎನ್ನತೊಡಗಿದರು, ಡೋಲಿನವರು ಪೆಟ್ಟು ಕೂಡಿಸಿದರು. ನಾನು ಅವಳ ಹಿಂದೆ ಕುಣಿಯುತ್ತಿದ್ದೆ.

ಅಂದು ಮಧ್ಯಾಹ್ನ ಮಾಸ್ಟ್ರೇ ಫೋನು ಮಾಡಿದರು. ಮರೆತದ್ದನ್ನು ಮುಚ್ಚಿಟ್ಟು, "ಚಂದ ಆಯ್ತ್ ಸರ್," ಎಂದೆ. ಅವರು ಕೇಳಿದರು:

"ಈ ಸಲ ಓಡ್ಲಿಲ್ಲೆ ಅಲ್ದಾ?"

"ಇಲ್ಲೆ ಸರ್," ಎಂದು ನಡೆದದ್ದೆಲ್ಲ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. "ಆ ಹೆಣ್ಣನ್ನ ಒಂದ್ಸಲ ಕಾಣ್ಕ್ ನಾನ್," ಎಂದರು. ಅವಳನ್ನು ನೋಡಬೇಕು ಎಂದದ್ದು ಬಾಯಿಮಾತಿಗೆ ಎಂದುಕೊಂಡೆ.

ಆ ಮಳೆಗಾಲದಲ್ಲಿ ಸುದ್ದಿ ಬಂತು. ಬೈಂದೂರಿಗೆ ಹೋಗಿ ಬಂದ ಮಾಸ್ಟ್ರು ಜಗಲಿಯಲ್ಲಿ ಕುಳಿತರಂತೆ, ಮತ್ತೆ ಏಳಲಿಲ್ಲ. ನಾನು ಮಕ್ಕಳ ಪರೀಕ್ಷೆಯ ನಡುವೆ ಇದ್ದೆ, ಬರಲಾಗಲಿಲ್ಲ.

ರಜೆಯಲ್ಲಿ ಅವರ ಮನೆಗೆ ಹೋದಾಗ ಅವರ ಹೆಂಡತಿ ಒಂದು ಲಕೋಟೆ ತಂದು ಕೊಟ್ಟರು. ಒಳಗೆ ಮಾಸ್ಟ್ರ ಹೊಸ ಪಾಸ್‌ಪೋರ್ಟು.

"ಅವ್ರ್ ಹೋಯಿ ಹನ್ನೆರಡ್ ದಿನಕ್ಕೆ ಪೋಸ್ಟಲ್ ಬಂತ್. ಈ ಪ್ರಾಯಕ್ಕೆ ಎಲ್ಲಿಗ್ ಹೋಪುದ್ ಅಂದ್ ಕೇಂಡ್ರೆ, 'ಸ್ಕೂಲ್ ಡೇ ಕಾಂಬುಕೆ' ಅಂದಿದ್ರ್." ಅವರು ಅದನ್ನು ಸೆರಗಿನಿಂದ ಒರೆಸಿದರು. "ಇದನ್ನ ವಾಪಾಸ್ ಕೊಡ್ಕಾ?"

"ಬ್ಯಾಡ. ನಿಮ್ಮತ್ರವೇ ಇರ್ಲಿ," ಎಂದೆ.

ಮನೆಗೆ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ರಜೆ ಇನ್ನೂ ಹತ್ತು ದಿನ ಇತ್ತು. ಟಿಕೆಟನ್ನು ಒಂದು ವಾರ ಮುಂಚೆಗೆ ಬದಲಿಸಿಕೊಂಡು ಹೊರಟೆ. ಅವರು ದ್ವೀಪಕ್ಕೆ ಬರುವವರಿದ್ದರು ಎಂದು ಆ ಹುಡುಗಿಗೆ ಹೇಳಬೇಕಿತ್ತು.