ಪರದೆಯ ಅಜ್ಜಿಗೆ ಹೇಳಿದ ಮಾತು

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಶಾಲೆಗೆ ಎರಡು ಕಂಪ್ಯೂಟರ್ ಬಂದಾಗ ತರಬೇತಿಗೆ ನನ್ನನ್ನೇ ಕಳಿಸಿದರು. ಕಲಿತು ಬಂದ ಹುರುಪಿನಲ್ಲಿ ಒಂದು ಆಟ ಬರೆದೆ. ಪರದೆಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕಡೆಯ ಕನ್ನಡ ಆಡುವ ಒಬ್ಬ ಅಜ್ಜಿ. ‘ಬಾ ಯವ್ವಾ, ಉಂಡಿಯೇನು? ಮನ್ಯಾಗ ಎಲ್ಲಾರೂ ಹ್ಯಾಂಗದಾರ?’ ಎಂದು ಕೇಳಿ, ಆಮೇಲೆ ಬುಟ್ಟಿಯ ಪೇರಲಹಣ್ಣಿನ ಲೆಕ್ಕ ಹಾಕಿಸುತ್ತಿದ್ದಳು. ಕುಶಲದ ಮಾತಿಗೆ ಮಕ್ಕಳು ಏನೇ ಬರೆದರೂ ‘ಶಾಬಾಷ್! ಭಾಳ ಚಲೋ ಆತು’ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುತ್ತಿರಲಿಲ್ಲ.

ಎಂಟನೇ ತರಗತಿಯಲ್ಲಿ ಪೋತ್ನಾಳದ ಹುಡುಗಿಯೊಬ್ಬಳಿದ್ದಳು, ರಾಯಚೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ತರಗತಿಯಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ಕೇಳಿದವರಿಲ್ಲ. ಅಜ್ಜಿಯ ಮುಂದೆ ಮಾತ್ರ ಒಂದೊಂದೇ ಅಕ್ಷರ ಹುಡುಕಿ ಉದ್ದುದ್ದ ಬರೆಯುತ್ತಿದ್ದಳು: ಏನು ಉಂಡೆ, ಅತ್ತೆ ಏನಂದಳು, ಜಡೆ ತಾನೇ ಹಾಕಿಕೊಂಡದ್ದು. ನನಗೋ ಹೆಮ್ಮೆ. ಉಳಿದ ಟೀಚರುಗಳನ್ನು ಕರೆದು ತೋರಿಸಿದ್ದೆ.

ಒಂದು ಮಧ್ಯಾಹ್ನ ನೋಡಿದರೆ ಅವಳು ಕಂಪ್ಯೂಟರ್ ಮುಂದೆ ಕೈ ಮಡಿಚಿಕೊಂಡು ಕೂತಿದ್ದಾಳೆ. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆಂಬ ಅಜ್ಜಿಯ ಪ್ರಶ್ನೆಗೆ ‘ನಮ್ಮವ್ವ ಸತ್ತಾಳ’ ಎಂದು ಬರೆದಿದ್ದಳು. ಅದರ ಕೆಳಗೆ ಅಜ್ಜಿಯ ಉತ್ತರ: ‘ಶಾಬಾಷ್! ಭಾಳ ಚಲೋ ಆತು.’

‘ಯಾಕ್ರಿ ಟೀಚರ್, ಹಿಂಗಂದ್ಳು?’

‘ಆಕಿಗೆ ಏನೂ ತಿಳಿಯಂಗಿಲ್ಲವ್ವ. ಆ ಮಾತು ನಾನೇ ಬರದಿಟ್ಟಿದ್ದು.’

‘ನೀವಾ?’

ತಾಯಿ ಇಲ್ಲವೆಂಬುದು ನನಗೆ ಗೊತ್ತೇ ಇರಲಿಲ್ಲ. ಆಗಲೇ ಪಕ್ಕದಲ್ಲಿ ಕೂತು ಕೇಳಬೇಕಿತ್ತು. ಆದರೆ ಗಂಟೆ ಹೊಡೆಯಿತು, ಮುಂದಿನ ತರಗತಿಯವರು ಬಾಗಿಲಲ್ಲಿ ನೂಕಾಡುತ್ತಿದ್ದರು. ‘ಆಮ್ಯಾಲೆ ಮಾತಾಡೋಣು’ ಅಂದೆ.

ಆ ಶನಿವಾರ ಅಜ್ಜಿಯ ‘ಶಾಬಾಷ್’ ಸಾಲು ಅಳಿಸಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ತೋಚದೆ, ಕುಶಲದ ಪ್ರಶ್ನೆಗಳನ್ನೂ ತೆಗೆದು ಬರೀ ಲೆಕ್ಕ ಉಳಿಸಿದೆ. ಅವಳು ಕಂಪ್ಯೂಟರ್ ಕೋಣೆಗೆ ಬರುವುದನ್ನೇ ಬಿಟ್ಟಳು. ನಾನು ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಇವತ್ತು ಮಾತಾಡಿಸಿದರಾಯಿತು, ನಾಳೆ ಮಾತಾಡಿಸಿದರಾಯಿತು ಎಂದುಕೊಳ್ಳುತ್ತಲೇ ದಿನ ಕಳೆದೆ. ದಸರಾ ರಜೆಗೆ ಹೋದವಳು ತಿರುಗಿ ಬರಲಿಲ್ಲ. ತಂದೆ ಈಗ ದೇವದುರ್ಗದಲ್ಲಿ ಮನೆ ಮಾಡಿದ್ದಾನೆ, ಅಲ್ಲಿಗೇ ಕರೆದುಕೊಂಡು ಹೋದನೆಂದು ಅವಳ ಮಾವ ಹೇಳಿದ.

ಮರುವರ್ಷ ಪರೀಕ್ಷೆಯ ಕೆಲಸಕ್ಕೆ ದೇವದುರ್ಗಕ್ಕೆ ಹೋದಾಗ ಅವರ ಮನೆ ಹುಡುಕಿದೆ. ಪುಟ್ಟ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದಳು.

‘ಬರ್ರಿ ಟೀಚರ್, ಕುಂದರ್ರಿ.’

ಶಾಲೆ ಬಿಟ್ಟೆನೆಂದಳು. ‘ನಿಮ್ಮವ್ವಗ ಏನಾಗಿತ್ತವ್ವಾ?’ ಎಂದು ಕೊನೆಗೂ ಕೇಳಿದೆ.

ಅವಳು ಮಗುವಿನ ಮೂಗು ಒರೆಸಿದಳು. ‘ಭಾಳ ದಿನ ಆತ್ರಿ ಟೀಚರ್’ ಎಂದು ಚಹಾ ಇಡಲು ಒಳಗೆ ಹೋದಳು.

ಚಹಾ ಕುಡಿದೆ. ರಾಯಚೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಎದ್ದು ಬಂದೆ.