ಬೆಕ್ಕು ಕೊಂಡ ಗುಟ್ಟಿನ ಗಿರಾಕಿ

ಹೋದ ಭಾನುವಾರ ಹಲಸೂರಿನ ಅಣ್ಣನ ಮನೆಯಲ್ಲಿ ಸಿಕ್ಕಿಬಿದ್ದೆ. ಕದ್ದು ಅಲ್ಲ, ಕೊಟ್ಟು!

ಅಣ್ಣನ ಮಗಳು ಚಂದನಾ ಟ್ಯಾಬ್‌ನಲ್ಲಿ ಚಿತ್ರ ಬರೆದು ಬ್ಲಾಕ್‌ಚೈನ್ ಎಂಬ ಆನ್‌ಲೈನ್ ಲೆಕ್ಕದ ಪುಸ್ತಕದ ಮೂಲಕ ಮಾರಾಟಕ್ಕಿಡುತ್ತಾಳೆ. (ಹಾಗಂದರೇನು ಎಂದು ಅಣ್ಣ ಮೂರು ಸಲ ಕೇಳಿ ಸುಮ್ಮನಾಗಿದ್ದಾನೆ.) ಆರು ತಿಂಗಳಾದರೂ ಒಂದೂ ಹೋಗಿರಲಿಲ್ಲ.

"ಇದೂ ಹೋಗ್ದಿದ್ರೆ ಚಿತ್ರ ಬರೆಯೋದೇ ಬಿಟ್ಬಿಡ್ತೀನಿ ಅತ್ತೆ" ಎಂದಿದ್ದಳು.

‘ಇದು’ ಎಂದರೆ ಶಿವಾಜಿನಗರದ ಬಿರಿಯಾನಿ ಹೋಟೆಲ್ ಮುಂದೆ ತಪಸ್ಸಿಗೆ ಕೂತ ಬೆಕ್ಕು. ಗುಟ್ಟಾಗಿ ನಾನೇ ಕೊಂಡೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲವೇ? ನನ್ನ ಹಳೆಯ ವ್ಯಾಲೆಟ್, ಅಂದರೆ ಅಲ್ಲಿ ದುಡ್ಡಿಡುವ ಚೀಲ, ಮಾಡಿಕೊಟ್ಟವಳು ಅವಳೇ, ನೋಡಿದರೆ ಗುರುತು ಹಿಡಿಯುತ್ತಾಳೆ. ಅದಕ್ಕೇ ಹೊಸದೊಂದನ್ನು ತೆರೆದೆ. ಅಲ್ಲಿ ಹೆಸರಿರುವುದಿಲ್ಲ, ಬರೀ ಅಕ್ಷರ, ಅಂಕಿ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅವಳು ಕುಣಿದಾಡಿದಳು. "ಯಾರೋ ಗೊತ್ತೇ ಇಲ್ದೋರು ನನ್ ಬೆಕ್ಕನ್ನ ಇಷ್ಟಪಟ್ಟಿದ್ದಾರೆ ಅತ್ತೆ!"

ಭಾನುವಾರ ಮಾತ್ರ ಕಾಫಿ ಲೋಟದ ಪಕ್ಕ ಮೊಬೈಲ್ ಇಟ್ಟಳು. "ಗಿರಾಕಿಗೆ ಥ್ಯಾಂಕ್ಸ್ ಹೇಳೋಣ ಅಂತ ಹುಡುಕ್ದೆ. ಹೊಸ ವ್ಯಾಲೆಟ್‌ಗೆ ದುಡ್ಡು ಎಲ್ಲಿಂದ ಹಾಕ್ದೆ ಅತ್ತೆ?"

ಹಳೆಯದರಿಂದ! ಆ ಜಾಡು ಊರಿಗೆಲ್ಲ ಕಾಣುವಂತೆ ಅಲ್ಲೇ ಬಿದ್ದಿತ್ತು.

ಪಬ್ಲಿಕ್ ಬ್ಲಾಕ್‌ಚೈನ್ ಎಂದರೆ ವಠಾರದ ತಂತಿಯ ಮೇಲೆ ಒಣಹಾಕಿದ ಸೀರೆಗಳಿದ್ದಂತೆ. ಯಾವುದರ ಮೇಲೂ ಹೆಸರಿಲ್ಲ, ಯಾರದೆಂದು ಎಲ್ಲರಿಗೂ ಗೊತ್ತು. ಪಾರದರ್ಶಕತೆ ಒಳ್ಳೆಯದೇ ಸ್ವಾಮಿ. ಆದರೆ ಪ್ರೀತಿಗೊಂದು ಪರದೆ ಬೇಡವೇ?

ಅವಳ ಮುಖ ಸಣ್ಣಗಾಗಿತ್ತು. "ಪಾಪ ಅಂತ ತಗೊಂಡ್ಯಾ?"

ನನಗೆ ನಿಜಕ್ಕೂ ನಾಚಿಕೆಯಾಯಿತು. "ಬೆಕ್ಕು ಚೆನ್ನಾಗಿತ್ತು ಕಣೇ" ಎಂದು ನನ್ನ ಫೋನ್ ತೋರಿಸಿದೆ. ವಾಲ್‌ಪೇಪರ್ ಅದೇ ಬೆಕ್ಕು. ಕೊನೆಗೂ ನಕ್ಕಳು.

ಆಮೇಲೆ ಪಾಠ ಶುರುವಾಯಿತು. "ಯಾರು ಯಾರಿಗೆ ಎಷ್ಟು ಕಳಿಸಿದ್ರು ಅಂತ ಕಾಣೋದೇ ಇಲ್ಲ, ಲೆಕ್ಕ ಸರಿಯಿದೆ ಅನ್ನೋದು ಮಾತ್ರ ಸಾಬೀತಾಗತ್ತೆ, ಅಂಥ ವಿಧಾನಾನೂ ಇದೆ. ಅದ್ರಲ್ಲಿ ಕಳಿಸಿದ್ರೆ ನಾನೂ ಹಿಡೀತಿರ್ಲಿಲ್ಲ." (ಇದನ್ನು ಮೊದಲೇ ಹೇಳಬಾರದಿತ್ತೇ?)

ಬುಧವಾರ ಇಂದಿರಾನಗರದಲ್ಲಿ ಮೆಟ್ರೋ ಇಳಿಯುತ್ತಿದ್ದೆ. ಅವಳ ಫೋನ್ ಬಂತು. "ಎರಡನೇ ಚಿತ್ರಾನೂ ಹೋಯ್ತು! ಕೊಂಡೋರು ಯಾರು ಅಂತ ಕಾಣ್ತಾನೇ ಇಲ್ಲ. ಎಷ್ಟು ಬೇಗ ಕಲ್ತ್ಬಿಟ್ಟೆ ಅತ್ತೆ!"

ದೇವರಾಣೆಗೂ ನಾನಲ್ಲ! ಈ ಸಲ ಬಂದಿರುವುದು ನಿಜವಾದ ಗಿರಾಕಿ. ಎಷ್ಟು ಹೇಳಿದರೂ ಅವಳದು ಒಂದೇ ನಗು.

ಕೊಟ್ಟವರನ್ನು ಬಚ್ಚಿಡುವ ವಿದ್ಯೆಯೇನೋ ಬಂತು, ಕೊಡದವರು ‘ನಾನಲ್ಲ’ ಎಂದು ನಂಬಿಸುವುದು ಹೇಗೆ?